ಡಬ್ಬಿಯೊಳಗಿನ ತೆಂಗಿನಮರ

ಉಡುಗೊರೆ ಕೊಡುವವರನ್ನು ಕಂಡರೆ ನನಗೆ ಭಯ. ಕೊಟ್ಟವರು ಬಸ್ಸು ಹತ್ತಿ ಹೋಗುತ್ತಾರೆ. ಅದರ ಜೊತೆ ಬದುಕಬೇಕಾದವರು ನಾವು. ಊರಿಗೆಲ್ಲ ಒಂದು ಟೀವಿಯೂ ಇಲ್ಲದಿದ್ದ ಆ ಕಾಲದಲ್ಲಿ ನನ್ನ ಭಾವಮೈದ ಸಿಂಗಪುರದಿಂದ ಒಂದು ವಿಡಿಯೋ ಗೇಮ್ ತಂದ. ಅಂಗೈಯಗಲದ ಡಬ್ಬಿ. ಅದರಲ್ಲಿ ಎರಡು ತೆಂಗಿನಮರ, ನಡುವೆ ಮಂಕರಿ ಹಿಡಿದ ಒಬ್ಬ ಕುಳ್ಳ. ಎಡಬಲದ ಗುಂಡಿ ಒತ್ತಿದರೆ ಅವನು ಓಡಿಹೋಗಿ ಬೀಳುವ ಕಾಯಿ ಹಿಡಿಯುತ್ತಾನೆ. ಮೂರು ತಪ್ಪಿದರೆ ಆಟ ಮುಗಿಯಿತು. ಹೊನ್ನವಳ್ಳಿಯಲ್ಲಿ, ಹಿತ್ತಲ ಬಾಗಿಲು ತೆಗೆದರೆ ತೋಟಕ್ಕೇ ಕಾಲಿಡುವ ಮನೆಗೆ, ವಿಮಾನದಲ್ಲಿ ತೆಂಗಿನಮರ ತಂದ ಮಹಾನುಭಾವ!

ನಾಲ್ಕನೆಯ ಕ್ಲಾಸಿನ ನನ್ನ ಮಗಳು ಸುಮ ಬೀದಿ ಬಿಟ್ಟು ಮೂಲೆ ಹಿಡಿದಳು. ನನಗೆ ಮೈಯುರಿಯಿತು. ಅದೂ ಒಂದು ಕಾಯಿಯೇ? ಹತ್ತಿಯ ಹಾಗೆ ತೇಲಿಕೊಂಡು, ಟಿಕ್ ಟಿಕ್ ಎನ್ನುತ್ತಾ ಬೀಳುತ್ತದೆ. ಕುಳ್ಳನಿಗೆ ತಲೆಯೂ ಒಡೆಯದು, ಬೆವರೂ ಇಳಿಯದು.

"ಇದೆಲ್ಲಾ ಸುಳ್ಳು ಕಣೇ. ನಿಜವಾದ ಕಾಯಿ ಹೆಂಗೆ ಬೀಳ್ತದೆ ತೋರುಸ್ತೀನಿ ಬಾ" ಎಂದು ಅವಳನ್ನು ತೋಟಕ್ಕೆ ಎಳೆದುಕೊಂಡು ಹೋದೆ.

ಅಲ್ಲಿ ಸಿದ್ದಣ್ಣ ಮರ ಹತ್ತಿ ಕಾಯಿ ಕೆಡವುತ್ತಿದ್ದ. ಒಂದು ಧೊಪ್ಪೆಂದು ಬಿದ್ದ ಸದ್ದಿಗೇ ಸುಮ ಬೆಚ್ಚಿದಳು. ಅಷ್ಟಕ್ಕೇ ಮನೆಗೆ ಹೊರಟಿದ್ದರೆ ಪಾಠ ಮುಗಿಯುತ್ತಿತ್ತು.

"ಇದುನ್ನ ಮಂಕರೀಲಿ ಹಿಡಿಯಕ್ಕೆ ನಿನ್ ಕೈಲಾಯ್ತದಾ ಅಪ್ಪ?" ಎಂದಳು.

ಆಗುವುದಿಲ್ಲ ಎಂದು ಯಾವ ಅಪ್ಪ ಹೇಳುತ್ತಾನೆ? ಕಾಯಿ ತುಂಬಲು ಇಟ್ಟಿದ್ದ ಮಂಕರಿಯನ್ನು ಎತ್ತಿ ಹಿಡಿದು ಮರದ ಕೆಳಗೆ ನಿಂತೆ. "ಅಯ್ಯೋ, ದೂರ ಹೋಗ್ರೀ ಸ್ವಾಮಿ!" ಎಂದು ಸಿದ್ದಣ್ಣ ಕೂಗುವಷ್ಟರಲ್ಲಿ, ಅವನು ಆಗಲೇ ಕಡಿದಿದ್ದ ಕಾಯಿ ಮಂಕರಿಯ ಅಂಚು ಮುರಿದು, ನನ್ನ ಬಲಗೈ ಹೆಬ್ಬೆರಳು ತಿರುಚಿ, ನೆಲ ಸೇರಿತು. ಅದರ ಹಿಂದೆಯೇ ನಾನೂ ಸೇರಿದೆ.

"ಒಂದು ಹೋಯ್ತು ಅಪ್ಪ, ಇನ್ನೆರಡೈತೆ!" ಎಂದು ಸುಮ ಕುಣಿದಳು.

ಕೈಗೆ ಕಟ್ಟು ಹಾಕಿಸಿಕೊಂಡು ಜಗಲಿಯಲ್ಲಿ ಕೂತೆ. "ಆಟ ಆಡೋ ಮಗೀಗೇ ನಿಮಗಿಂತ ಬುದ್ಧಿ ಐತೆ ಕಣ್ರೀ" ಎಂದು ನನ್ನ ಹೆಂಡತಿ ಒಳಗೆ ಹೋದಳು. ಬೇರೆ ಕೆಲಸವಿಲ್ಲದೆ, ಆ ಡಬ್ಬಿಯ ಹುಳುಕನ್ನಾದರೂ ಇನ್ನಷ್ಟು ಹುಡುಕೋಣವೆಂದು ಕೈಗೆತ್ತಿಕೊಂಡೆ. ಎಡಗುಂಡಿ ನಾನು ಒತ್ತುತ್ತಿದ್ದೆ; ಬಲಗುಂಡಿಗೆ ಸುಮಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹುಳುಕು ಹುಡುಕುವ ಕೆಲಸ ದಿನಗಟ್ಟಲೆ ನಡೆಯಿತು.

ಒಂದು ಸಂಜೆ ಬೀದಿಯ ಮಕ್ಕಳು ಲಗೋರಿಗೆ ಕರೆದದ್ದೇ ತಡ, ಅವಳು ಎದ್ದು ಓಡಿದಳು.

"ಲೇ, ಎಲ್ಲಿಗೇ ಹೋಯ್ತೀಯ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. "ಬರೀ ಆಟ, ಆಟ! ಬಾರೇ ಇಲ್ಲಿ, ಬಲಗಡೆ ಯಾರು ನೋಡ್ಕಂತಾರೆ?"