ಮಾಂಬಳ್ಳಿಗೆ ಹೇಳಿದ ಆದಾಯ

‘ನಿಮ್ಮ ಆದಾಯ ಎಷ್ಟು?’ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂಬಳದವರಿಗೇನು, ತಿಂಗಳಿಗೊಮ್ಮೆ ಬಂದದ್ದೇ ಲೆಕ್ಕ. ನಾನು ಕೊಳ್ಳೇಗಾಲದಲ್ಲಿ ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರು. ಬೆಳಿಗ್ಗೆ ಖಾತೆಗೆ ಬಂದ ದುಡ್ಡು ಸಂಜೆಯೊಳಗೆ ಪೇಂಟಿನ ಅಂಗಡಿಗೆ, ಕೂಲಿಯವರಿಗೆ, ಬಾಡಿಗೆ ಏಣಿಗೆ ಹಂಚಿಹೋಗಿರುತ್ತದೆ. ಹನೂರಿನ ಗಿರಾಕಿಯೊಬ್ಬ ಗೋಡೆಯೆಲ್ಲ ಒಣಗಿದ ಮೇಲೆ, “ಬಣ್ಣ ಯಾಕೋ ಮಬ್ಬು ಕಣ್ರಿ” ಎಂದು ಅರ್ಧ ದುಡ್ಡು ಮುರಿದುಕೊಂಡ. ಮಬ್ಬಾಗಿದ್ದದ್ದು ಅವನ ಮುಖ, ನನ್ನ ಗೋಡೆಯಲ್ಲ!

ನನ್ನಂಥವನಿಗೆ ಆದಾಯ ತೆರಿಗೆ ರಿಟರ್ನ್ ಬೇರೆ ಕೇಡು. ತೆರಿಗೆ ಲೆಕ್ಕ ಬರೆಯುವ ಮಾದಪ್ಪನವರ ಬಳಿಗೆ ಹೋದೆ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಖಾತೆಗೆ ಇಷ್ಟೊಂದು ಬಂದದೆ ಕಣ್ರಿ. ಖರ್ಚಿನ ಬಿಲ್ಲು ಎಲ್ಲಿ?” ಎಂದರು.

“ಬಿಲ್ಲಾ? ಏಣಿ ಬಾಡ್ಗೆಗೆ ಯಾರ್ ಸಾ ಬಿಲ್ಲು ಕೊಟ್ಟಾರು? ನನ್ ಕೈಲಿ ಉಳಿಯೋದು ಬಣ್ಣದ ಕಲೆ ಒಂದೇಯ! ಮನೆ ನಡೀತಿರೋದು ನನ್ನೆಂಡ್ತಿ ಹೊಲಿಗೇಲಿ!” ಎಂದು ಮೇಜು ಗುದ್ದಿದೆ. ಅವಳು ಹೊಲಿಗೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಮಾದಪ್ಪನವರು ಹಾಗೇ ಬರೆದುಕೊಂಡರು.

ಆ ಭಾನುವಾರ ಮಗಳು ಸಿಂಧುವನ್ನು ನೋಡಲು ಮಾಂಬಳ್ಳಿಯವರು ಬರುವವರಿದ್ದರು. ಹುಡುಗನಿಗೆ ಯಳಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಇಬ್ಬರೂ ಫೋನಿನಲ್ಲೇ ಮಾತಾಡಿ ಮನಸ್ಸು ಕೊಟ್ಟುಕೊಂಡಾಗಿತ್ತು. ಈ ಸಂಬಂಧ ತಪ್ಪಿದರೆ ಸಿಂಧು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ನಾನು ಮದುವೆ ದಲ್ಲಾಳಿಯ ಕೈಲಿ ನನ್ನ ಆದಾಯವನ್ನು ಬಾಯಿಗೆ ಬಂದಷ್ಟು ಏರಿಸಿ ಹೇಳಿ ಕಳಿಸಿದ್ದೆ.

ಕಾರಿನಿಂದ ಕೊನೆಯಲ್ಲಿ ಇಳಿದವರು ಹುಡುಗನ ಸೋದರಮಾವ. ನೋಡಿದರೆ ಮಾದಪ್ಪನವರು!

ಹಲ್ಲು ಕಿರಿದು ಎಲ್ಲರನ್ನೂ ಒಳಗೆ ಕರೆದು ಕೂರಿಸಿದೆ. ಇದೇನೂ ಅರಿಯದ ನನ್ನ ಹೆಂಡತಿ, “ನಮ್ ಯಜಮಾನ್ರಿಗೆ ಕೈತುಂಬ ದುಡ್ಡು ಕಣ್ರಿ. ನಾನು ಸೂಜಿ ಮುಟ್ಟಿ ಅದೆಷ್ಟು ವರ್ಸ ಆಯ್ತೋ” ಎಂದುಬಿಟ್ಟಳು.

ಮಾದಪ್ಪನವರು ಕಾಫಿ ಲೋಟ ಕೆಳಗಿಟ್ಟರು. “ಉಡ್ಗಿ ನಮ್ಗೆಲ್ಲ ಒಪ್ಗೆ. ರಿಟರ್ನ್ ಮಾತ್ರ ನಾನಿನ್ನೂ ಕಳ್ಸಿಲ್ಲ ಬೀಗ್ರೇ. ಯಾವ್ದು ಬರೀಲಿ? ದಲ್ಲಾಳಿ ಏಳಿದ್ದೋ, ನೀವು ಏಳಿದ್ದೋ?”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಳುವ ಜಾಗವೇ ಇದು? ಬಂದವರ ಎದುರಿಗೇ ನನ್ನ ಮರ್ಯಾದೆ ಹರಾಜು ಹಾಕಬೇಕೆ? ಎದ್ದು ಬೈದೇ ಬಿಡುತ್ತಿದ್ದೆ. ಅಷ್ಟರಲ್ಲಿ ತಟ್ಟೆ ಹಿಡಿದು ನಿಂತ ಸಿಂಧುವಿನ ಮುಖ ಕಂಡಿತು.

“ದಲ್ಲಾಳಿ ಏಳಿದ್ದೇ ಬರೀರಿ ಸಾ,” ಎಂದೆ.

ಮದುವೆಯ ಮೊದಲ ಖರ್ಚು ಆ ತೆರಿಗೆಯೇ ಆಯಿತು. ಕಟ್ಟಿದ ರಸೀದಿಯನ್ನು ಮಾದಪ್ಪನವರು ನನ್ನ ಕೈಗಿಟ್ಟು, ಜೋಪಾನ ಎಂದರು. ಹಲ್ಲು ಕಡಿದುಕೊಂಡೇ ಬೀರುವಿನಲ್ಲಿಟ್ಟಿದ್ದೇನೆ. ಇಷ್ಟು ವರ್ಷ ಕಂಟ್ರಾಕ್ಟು ಮಾಡಿದ್ದಕ್ಕೆ ನನ್ನ ಹತ್ತಿರ ಇರುವ ಬಿಲ್ಲು ಅದೊಂದೇ.