ಕತ್ತಿಯಮ್ಮ ನಿಜವಾಗಿ ಹೇಳಿದ್ದೇನು

ಧೈರ್ಯವಂತರಿಗೆ ಧೈರ್ಯ ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ಕೆಲವರಿಗೆ ಹುಟ್ಟಿನಿಂದಲೇ ಇರುತ್ತದಂತೆ. ನನಗೆ ಹುಟ್ಟಿನಿಂದ ಬಂದದ್ದು ಚಿಂತೆ. ಗ್ಯಾಸ್ ಆರಿಸಿದ್ದೇನೆಂದು ಚೆನ್ನಾಗಿ ಗೊತ್ತಿದ್ದೂ ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ನೋಡುವವಳು ನಾನು. ಪಕ್ಕದ ಮನೆಯವರು ಕೆಮ್ಮಿದರೆ ಇಲ್ಲಿ ಕಷಾಯಕ್ಕಿಡುತ್ತೇನೆ. ಇಂಥವಳಲ್ಲೂ ಎಲ್ಲೋ ಒಂದು ಚಿಟಿಕೆ ಧೈರ್ಯವಿದ್ದರೆ ಅದು ಭಾನುವಾರ ಬೆಳಿಗ್ಗೆ ಟೀವಿಯಿಂದ ಬಂದದ್ದು ಎಂದು ನಲವತ್ತೆಂಟು ವರ್ಷ ತುಂಬುವವರೆಗೂ ನಂಬಿಕೊಂಡಿದ್ದೆ.

ಆಗ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟೀವಿ, ಫಾತಿಮಕ್ಕನ ಮನೆಯಲ್ಲಿ. ಅವರದು ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರ. ಪಡಸಾಲೆಯಲ್ಲಿ ಕೊಬ್ಬರಿ ಚೀಲಗಳ ಮೇಲೆ ನಾವು ಹುಡುಗಿಯರು ಸಾಲಾಗಿ ಕೂತು, ಚೀಲದ ತೂತಿನಿಂದ ಚೂರು ಎಳೆದು ತಿನ್ನುತ್ತ ಹಿಂದಿ ಧಾರಾವಾಹಿ ನೋಡುತ್ತಿದ್ದೆವು. ಮಂತ್ರವಾದಿಗಳು, ಹಾರುವ ಕಂಬಳಿ, ಹೊಗೆಯೊಳಗಿಂದ ಪ್ರತ್ಯಕ್ಷವಾಗುವ ಮಾಟಗಾತಿ. ಎಲ್ಲಕ್ಕಿಂತ ಮಿಗಿಲಾಗಿ ಕತ್ತಿ ಹಿಡಿದು ಕಪ್ಪು ಕುದುರೆ ಏರುವ ಒಬ್ಬ ಹೆಣ್ಣು. ಅವಳ ಹೆಸರು ನಮ್ಮ ನಾಲಿಗೆಗೆ ಹೊರಳದೆ ಕತ್ತಿಯಮ್ಮ ಎಂದು ಕರೆಯುತ್ತಿದ್ದೆವು. ಆ ಕಾಲದ ಇಂಥ ಹೆಣ್ಣುಗಳನ್ನು ನೀವೂ ನೋಡಿರಬೇಕು. ಕಣ್ಣಿಗೆ ಬೆರಳಗಲ ಕಾಡಿಗೆ, ಮೈಮೇಲೆ ತಗಡಿನ ಕವಚ, ಯುದ್ಧದಲ್ಲೂ ಬಿಚ್ಚಿದ ಕೂದಲು. ಅಷ್ಟುದ್ದದ ಕೂದಲು ಕತ್ತಿಗೆ ಸಿಕ್ಕಿಕೊಂಡರೆ ಗತಿಯೇನು ಎಂದು ನನಗೆ ಆಗಲೇ ಸಂಕಟ. ಅರಮನೆಯೊಳಗೆ ಹೋಗುವಾಗ ಅವಳು ಚಪ್ಪಲಿ ಎಲ್ಲಿ ಬಿಡುತ್ತಾಳೆ ಎಂದು ಒಮ್ಮೆ ಕೇಳಿ, ಗೆಳತಿ ರತ್ನಳಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ನಮಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಮನೆಮಾತು ಉರ್ದುವಾದ್ದರಿಂದ ಫಾತಿಮಕ್ಕನೇ ಓಣಿಯ ದುಭಾಷಿ. ಬಾಗಿಲ ಬಳಿ ಮೊರ ಹಿಡಿದು ಕೂತು, ಅಕ್ಕಿ ಆರಿಸುತ್ತಲೇ, ಟೀವಿಯವರು ಬಾಯಿ ಮುಚ್ಚುವುದರೊಳಗೆ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಒಂದು ಭಾನುವಾರ ಸೇನಾಪತಿ ಬಂದು, ರಾಜಕುಮಾರನನ್ನು ಮದುವೆಯಾಗು, ಇಲ್ಲವೇ ರಾಜ್ಯ ಬಿಡು ಎಂದು ಕತ್ತಿಯಮ್ಮನಿಗೆ ಹೇಳಿದ. ಅವಳು ಅವನನ್ನೇ ದಿಟ್ಟಿಸಿ ಏನೋ ಅಂದಳು. ಫಾತಿಮಕ್ಕ ಅದನ್ನು ಹೇಳಿದ್ದು ಹೀಗೆ: "ಲೇ, ನಿನ್ನ ಮದುವೆ ಊಟ ನೀನೇ ಉಣ್ಣು. ನನಗೆ ಕುದುರೆ ಐತೆ." ಮರುಗಳಿಗೆ ಅವಳು ಕುದುರೆ ಹತ್ತಿ ಹೊರಟೇಹೋದಳು. ಇಡೀ ಪಡಸಾಲೆ ಚಪ್ಪಾಳೆ ತಟ್ಟಿತು.

ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದು ಗೊತ್ತಾದದ್ದು ಹೆಣ್ಣು ನೋಡಲು ಬಂದಾಗ. ಹೊಳಲ್ಕೆರೆಯ ಶಾಲೆಯೊಂದರಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಗಂಡಿನ ಸೋದರಮಾವ ಉಪ್ಪಿಟ್ಟು ಮುಗಿಸಿ, "ಕೆಲಸ ಬಿಡ್ತೀಯೇನಮ್ಮ?" ಎಂದರು. ನಾನು ಅವರನ್ನೇ ದಿಟ್ಟಿಸಿ, "ಬಿಡಲ್ಲ. ನನಗೆ ಬಸ್ ಪಾಸ್ ಐತೆ" ಅಂದುಬಿಟ್ಟೆ. ನನ್ನ ಬದುಕಿನಲ್ಲಿ ನಾನು ಆಡಿದ ಧೈರ್ಯದ ಮಾತು ಅದೊಂದೇ. ಆ ಉತ್ತರ ಅರ್ಥವಾಗದೆಯೇ ತಾವು ಒಪ್ಪಿಕೊಂಡದ್ದು ಎಂದು, ಅಂದು ಗಂಡಾಗಿ ಬಂದಿದ್ದ ನನ್ನ ಯಜಮಾನರು ಈಗಲೂ ಹೇಳುತ್ತಾರೆ.

ಈಗ ಫಾತಿಮಕ್ಕನಿಗೆ ಎಪ್ಪತ್ತೈದರ ಮೇಲಾಗಿದೆ. ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಮಗ ತಂದುಕೊಟ್ಟ ಕಿವಿಯ ಮೆಷಿನ್ನನ್ನು ಸಕ್ಕರೆ ಡಬ್ಬಿಯಲ್ಲಿಟ್ಟಿದ್ದಾರೆ. ಓಣಿಗೆಲ್ಲ ಮಾತು ತಿಳಿಸುತ್ತಿದ್ದವರು, ಯಾರಾದರೂ ಬಂದರೆ ಒಳಗೆ ಸರಿದುಬಿಡುತ್ತಾರೆ. "ಒಂದು ಕೇಳಿದ್ರೆ ಒಂದು ಹೇಳ್ತೀನಿ. ಜನ ನಗ್ತಾರೆ, ಬ್ಯಾಡ" ಎನ್ನುತ್ತಾರಂತೆ. ಇದನ್ನು ನೋಡಲಾಗದೆ ನಾನೇ ಒಂದು ಉಪಾಯ ಮಾಡಿದೆ. ಆ ಹಳೆಯ ಧಾರಾವಾಹಿ ಈಗ ಮೊಬೈಲಿನಲ್ಲಿ ಸಿಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಓಣಿಯ ಹಳೆಯ ಹುಡುಗಿಯರೆಲ್ಲ ಅವರ ಮನೆಯಲ್ಲೇ ಸೇರಿ, ದೊಡ್ಡ ಟೀವಿಗೆ ಹಾಕಿ, ಅವರನ್ನು ನಡುವೆ ಕೂರಿಸಿಕೊಂಡು ನೋಡುವುದು. ರತ್ನ ಈಗ ಹಿರಿಯೂರಿನಲ್ಲಿ ಹಿಂದಿ ಟೀಚರು. ಅವಳೂ ತವರಿಗೆ ಬರುತ್ತೇನೆಂದಳು. ಎಲ್ಲರೂ ಒಪ್ಪಿದರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಆದರೆ ಸೌಂಡ್ ಬರುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಿ, ಸೋಮವಾರವೇ ಮನೆಯಲ್ಲಿ ಒಂದು ಸಲ ಹಾಕಿ ನೋಡಿದೆ. ಸೌಂಡ್ ಸ್ಪಷ್ಟವಾಗಿ ಬಂತು. ಇಷ್ಟು ವರ್ಷಗಳಲ್ಲಿ ನನಗೂ ತಕ್ಕಮಟ್ಟಿಗೆ ಹಿಂದಿ ಬಂದಿದೆ. ಅದೇ ಅರಮನೆ, ಅದೇ ಸೇನಾಪತಿ. ಅವನು ಮದುವೆಯ ಮಾತನ್ನೇ ಎತ್ತಲಿಲ್ಲ. ರಾಜಕುಮಾರನಿಗೆ ಗಾಯವಾಗಿದೆ, ಬೆಟ್ಟದ ಮೇಲಿನ ಬೇರು ಬೇಕು ಎಂದ. ಕತ್ತಿಯಮ್ಮ ಅವನನ್ನೇ ದಿಟ್ಟಿಸಿ, ಕಣ್ಣೀರಿಡುತ್ತ, "ಅವರಿಲ್ಲದೆ ನಾನು ಬದುಕಲಾರೆ. ನಾನು ಅಬಲೆ, ನೀವೇ ದಾರಿ ತೋರಿಸಿ" ಎಂದಳು. ಆಮೇಲೆ ಬೇರು ತರಲು ಕುದುರೆ ಹತ್ತಿದಳು.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಯಜಮಾನರು, "ಅಳ್ತಾ ಇದಾಳಲ್ಲೇ. ಇವಳೇನಾ ನಿನಗೆ ಬಸ್ ಪಾಸ್ ಕೊಡಿಸಿದೋಳು?" ಎಂದರು.

ನನಗೆ ನಗು ಬರಲಿಲ್ಲ. ನನ್ನ ಒಂದೇ ಒಂದು ಧೈರ್ಯದ ಬುಡ ಅಲ್ಲಾಡಿದ್ದು ಇರಲಿ, ಭಾನುವಾರದ ಗತಿಯೇನು? ಈಗ ಬರುವವರಿಗೆಲ್ಲ ಹಿಂದಿ ಬರುತ್ತದೆ. ಅದರಲ್ಲೂ ರತ್ನ, ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಲಗ್ನಪತ್ರಿಕೆಯ ತಪ್ಪು ತಿದ್ದುವವಳು. ಹತ್ತು ಜನರೆದುರು ಅವಳು "ಹಂಗಲ್ಲ ಫಾತಿಮಕ್ಕ" ಎಂದುಬಿಟ್ಟರೆ ಮುಗಿಯಿತು. ಜನ ನಗುತ್ತಾರೆಂದು ಒಳಗೆ ಸರಿದವರನ್ನು, ಜನ ಸೇರಿಸಿ ಹೊರಗೆ ಕರೆತರುತ್ತಿದ್ದೇನೆ. ರತ್ನಳಿಗೆ ಫೋನ್ ಮಾಡಿ, ಮುಂದಿನ ತಿಂಗಳು ಇಟ್ಟುಕೊಳ್ಳೋಣವೇ ಎಂದೆ. "ಯಾಕೆ, ಕತ್ತಿಯಮ್ಮನಿಗೆ ರಜೆ ಇಲ್ವಾ?" ಎಂದು ಇಟ್ಟುಬಿಟ್ಟಳು. ಶುಕ್ರವಾರದ ಹೊತ್ತಿಗೆ, ಭಾನುವಾರ ಕರೆಂಟ್ ಹೋಗಲಪ್ಪಾ ಎಂದು ದೇವರಿಗೆ ಕಾಯಿಯ ಹರಕೆ ಹೇಳಿಕೊಂಡೆ. ಶನಿವಾರವೆಲ್ಲ ಕರೆಂಟ್ ಇರಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಮಿಣುಕದೆ ಇತ್ತು.

ಹೋದಾಗ ಪಡಸಾಲೆ ತುಂಬಿತ್ತು. ಫಾತಿಮಕ್ಕ ಇಸ್ತ್ರಿ ಸೀರೆ ಉಟ್ಟು, ಸೆರಗು ಹೊದ್ದು ಕುರ್ಚಿಯಲ್ಲಿದ್ದರು. "ಬರ್ರಿ, ಕುಂತ್ಕಳ್ರಿ" ಎಂದು ಒಬ್ಬೊಬ್ಬರ ಮುಖ ಹಿಡಿದು ನೋಡಿದರು. ಧಾರಾವಾಹಿಯ ಶುರುವಿನ ಹಾಡು ಮುಗಿಯುತ್ತಿದ್ದಂತೆ ನನ್ನನ್ನು ಪಕ್ಕಕ್ಕೆ ಕರೆದರು.

"ಗಿರಿಜಿ, ನಂಗೆ ಬರೇ ಗೊಂಯ್ ಅನ್ನೋದು ಕೇಳ್ತೈತೆ. ಇವತ್ತು ನೀನು ಹೇಳು, ಅವ್ರು ಏನೇನಂತಾರೆ ಅಂತ. ಜೋರಾಗಿ ಹೇಳು."

"ರತ್ನ ಹಿಂದಿ ಟೀಚರ್ ಅಲ್ವಾ, ಅವಳು ಹೇಳ್ಲಿ ಅಕ್ಕ."

"ರತ್ನಿ ಬ್ಯಾಡ. ಅವಳು ಪಾಠ ಮಾಡ್ತಾಳೆ."

ಸೇನಾಪತಿ ಬಂದ. ಫಾತಿಮಕ್ಕ ಕಿವಿಯನ್ನು ನನ್ನ ಬಾಯಿಗೆ ಹಚ್ಚಿದರು. ಮದುವೆಯಾಗು ಇಲ್ಲ ರಾಜ್ಯ ಬಿಡು ಅಂತಾನೆ ಎಂದು ಕಣ್ಣು ಮುಚ್ಚಿ ಕೂಗಿದೆ. ಅಷ್ಟೇನೋ ಸರಾಗವಾಗಿ ಹೋಯಿತು. ಕತ್ತಿಯಮ್ಮ ಬಾಯಿ ತೆರೆದಳು. ಟೀವಿಯಲ್ಲಿ ಅವಳು ಅಬಲೆ ಎನ್ನುತ್ತಿದ್ದಾಳೆ, ಎದುರಿಗೆ ರತ್ನ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಹೇಳಬೇಕಾದ ಮದುವೆ ಊಟದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬಂದದ್ದು ಬೇರೆ.

"ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಅಂತಾಳೆ."

ಫಾತಿಮಕ್ಕ ತಿರುಗಿ ನೋಡಿದರು. "ಯೋಚನೆನಾ? ಕತ್ತಿ ಹಿಡ್ಕಂಡು?"

"ಮನೇಲಿ ಕೇಳ್ಬೇಕು ಅಂತಾಳೆ."

"ಈಗ್ಯಾಕೆ ಕುದುರೆ ಹತ್ತಿದ್ಲು ಮತ್ತೆ?"

"ಬೀಗ ಹಾಕಿದ್ನೋ ಇಲ್ವೋ ಅಂತ ನೋಡ್ಕಂಡು ಬರಕ್ಕೆ."

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಫಾತಿಮಕ್ಕನಿಗೆ ಆ ನಗು ಕೇಳಿಸಿತೋ ಕಾಣಿಸಿತೋ, ಅವರ ಭುಜವೂ ಕುಲುಕಾಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಅವಳು ಆವಾಗ್ಲೂ ಅಳ್ತಾನೇ ಇದ್ಲು ಕಣ್ರೇ. ಅಷ್ಟು ದೊಡ್ಡ ಕುದುರೆ ಇಟ್ಕಂಡು ಅಳೋದು ನಂಗೆ ಸರಿ ಕಾಣ್ಲಿಲ್ಲ. ನೀವೆಲ್ಲ ಹೆಣ್ಣುಮಕ್ಕಳು ಬಾಯಿ ಬಿಟ್ಕಂಡು ಕುಂತಿದ್ರಿ. ಅದಕ್ಕೆ ನಂಗೆ ತಿಳಿದಂಗೆ ಹೇಳಿದೆ."

ರತ್ನ ಕನ್ನಡಕ ತೆಗೆದಳು. "ಅದು ನಂಗೆ ಬಿಎ ಓದುವಾಗಲೇ ಗೊತ್ತಾಗಿತ್ತು" ಎಂದಳು, ತಣ್ಣಗೆ. "ನೀವು ಹೇಳಿದ್ದೇ ಚೆನ್ನಾಗಿತ್ತು ಅಂತ ಸುಮ್ಮನಿದ್ದೆ." ಫಾತಿಮಕ್ಕನಿಗೆ ಅದು ಕೇಳಿಸಲಿಲ್ಲ. ಅವರ ಕಿವಿಯಲ್ಲಿ ನಾನೇ ಕೂಗಿದೆ. ಈ ಸಲ ಒಂದಕ್ಷರವನ್ನೂ ಬದಲಾಯಿಸಲಿಲ್ಲ.

ಏಳುವಾಗ ಫಾತಿಮಕ್ಕ ತೀರ್ಪು ಕೊಟ್ಟರು. ಪ್ರತಿ ಭಾನುವಾರ ಎಲ್ಲರೂ ಬರಬೇಕು. ಹೇಳುವ ಕೆಲಸ ನನ್ನದೇ. "ಆದ್ರೆ ಗಿರಿಜಿ, ನಿನ್ ಕೈಗೆ ಸಿಕ್ಕು ಆಕೆ ಬಾಳ ಹೆದರ್ತಾಳೆ. ವಸಿ ಗಟ್ಟಿ ಮಾಡವ್ವ ಅವಳನ್ನ."

ಒಪ್ಪಿಕೊಂಡು ಬಂದಿದ್ದೇನೆ. ವಿಷಯ ಏನೆಂದರೆ, ಮುಂದಿನ ಕಂತನ್ನು ಆಗಲೇ ಎರಡು ಸಲ ನೋಡಿದೆ. ಅದರಲ್ಲಿ ಕತ್ತಿಯಮ್ಮನ ಕೈ ಕಟ್ಟಿ ಬೆಟ್ಟದ ತುದಿಯಿಂದ ತಳ್ಳುತ್ತಾರೆ. ಬೀಳುತ್ತ ಅವಳು ಏನೋ ಕೂಗುತ್ತಾಳೆ. ಅಲ್ಲಿಗೆ ಧೈರ್ಯದ ಮಾತೊಂದು ಬೇಕು. ಆಫೀಸಿನ ಹಳೆಯ ರಿಜಿಸ್ಟರಿನ ಹಿಂದಿನ ಪುಟದಲ್ಲಿ ನಾಲ್ಕು ದಿನದಿಂದ ಬರೆದು ಬರೆದು ಹೊಡೆದುಹಾಕುತ್ತಿದ್ದೇನೆ. ಸದ್ಯಕ್ಕೆ ಉಳಿದಿರುವುದು ಒಂದೇ: "ಕೆಳಗಿರೋರು ಸ್ವಲ್ಪ ಸರಕಳ್ರಪ್ಪಾ, ಯಾರಿಗಾದ್ರೂ ತಾಗೀತು."