ಎಡಗಣ್ಣಿಗೆ ಹೊಳೆನರಸೀಪುರ, ಬಲಗಣ್ಣಿಗೆ ಅರಕಲಗೂಡು

ಮದುವೆ ಮಾತುಕತೆಗೆ ವಿಜ್ಞಾನವನ್ನು ಯಾರೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ಬಹುದಿನದ ಕೊರಗು. ಹಾಸನದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ನಾನಲ್ಲದೆ ಆ ಕೊರತೆಯನ್ನು ಇನ್ಯಾರು ನೀಗಿಸಬೇಕು? ಒಂದು ಭಾನುವಾರ ಟೊಂಕ ಕಟ್ಟಿ ನಿಂತೆ.

ಕಟ್ಟಾಯದಲ್ಲಿರುವ ನಮ್ಮಣ್ಣನ ಮಗಳು ಚಂದನ, ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡಿಕೊಂಡು ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಎರಡು ಸಂಬಂಧ ಬಂದಿದ್ದವು. ಹೊಳೆನರಸೀಪುರದ ಹುಡುಗನಿಗೆ ಸ್ವಂತ ಪಂಪ್‌ಸೆಟ್ ಅಂಗಡಿ, ದಟ್ಟ ಮೀಸೆ. ಅರಕಲಗೂಡಿನ ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ಮೀಸೆಯಿಲ್ಲದ ನುಣ್ಣನೆ ಮುಖ, ದಪ್ಪ ಕನ್ನಡಕ. ಇಬ್ಬರೂ ಬಂದು ಹುಡುಗಿ ನೋಡಿಕೊಂಡು ಹೋಗಿದ್ದರು. ಯಾರಿಗೆ ಹೂಂ ಅನ್ನುವುದೆಂದು ಅಣ್ಣನಿಗೆ ತಲೆಬಿಸಿ.

"ಚಂದನನ್ನೇ ಕೇಳಿದ್ರಾಯ್ತಪ್ಪ" ಎಂದರು ನಮ್ಮೆಜಮಾನರು.

"ಮನಸ್ಸಿನ ಮಾತು ಬಾಯಿಗೆ ಬರಲ್ಲ ಕಣ್ರೀ, ಕಣ್ಣಿಗೆ ಬರತ್ತೆ!" ಎಂದು ಅವರ ಬಾಯಿ ಮುಚ್ಚಿಸಿದೆ.

ವಿಷಯ ಇಷ್ಟೇ. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಬೇರೆಯೇ ಚಿತ್ರ ತೋರಿಸಿದರೆ ಮಿದುಳು ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಒಂದು ಕಾಣುತ್ತದೆ, ಅದು ಮಾಯವಾಗಿ ಇನ್ನೊಂದು ಕಾಣುತ್ತದೆ. ಕಣ್ಣು ಎರಡನ್ನೂ ನೋಡುತ್ತಲೇ ಇರುತ್ತದೆ. ಗೆದ್ದದ್ದು ಮಾತ್ರ ಮನಸ್ಸಿಗೆ ಕಾಣುತ್ತದೆ. ಇದನ್ನು ಕಣ್ಣುಗಳ ಪೈಪೋಟಿ ಎನ್ನುತ್ತಾರೆ. ಇಲ್ಲಿಯವರೆಗೆ ವಿಜ್ಞಾನ. ಹೆಚ್ಚು ಹೊತ್ತು ಕಂಡವನೇ ಮನಸ್ಸಿಗೆ ಬೇಕಾದವನು ಎಂಬುದು ನನ್ನ ಸ್ವಂತ ಸೇರ್ಪಡೆ!

ಚಪ್ಪಲಿ ಡಬ್ಬಕ್ಕೆ ನಡುವೆ ರಟ್ಟಿನ ಗೋಡೆ ಕಟ್ಟಿದೆ. ಎರಡೂ ಫೋಟೋಗಳನ್ನು ಒಂದೇ ಅಳತೆಗೆ ಪ್ರಿಂಟ್ ಹಾಕಿಸಿ ಒಳಗೆ ಅಂಟಿಸಿದೆ. ಎದುರಿಗೆ ಎರಡು ತೂತು. ತೂತಿಗೆ ಲೆನ್ಸ್ ಬೇಕಲ್ಲ? ಎಜಮಾನರ ಹಳೆಯ ಕನ್ನಡಕದಿಂದ ಕಿತ್ತೆ.

ಅದು ಹಳೆಯದಲ್ಲವಂತೆ!

ಪೇಪರ್ ಓದಲಾಗದೆ ಕೂತಿದ್ದ ಅವರನ್ನೇ ಮೊದಲು ಡಬ್ಬದ ಮುಂದೆ ಕೂರಿಸಿದೆ. "ಮೀಸೆಯೋನು ಬಂದ... ಓದ. ಕನ್ನಡಕದೋನು ಬಂದ... ಅವನೂ ಓದ. ಇದೇನೇ ಇದು, ಬಸ್‌ಸ್ಟ್ಯಾಂಡ್ ಆದಂಗಾಯ್ತು!" ಎಂದರು. ನಾನು ಹಿಗ್ಗಿದೆ. ಯಂತ್ರ ಕೆಲಸ ಮಾಡುತ್ತಿದೆ!

ಅಷ್ಟರಲ್ಲಿ ಅಣ್ಣ ಬಂದ. ಅವನೂ ಇಣುಕಿದ. ಬಹಳ ಹೊತ್ತು ಮಿಸುಕಲಿಲ್ಲ.

"ಇವ್ನೇ ಆಗ್ಲಿ ಕಣವ್ವ! ಮೀಸೆ ಏನು, ಕನ್ನಡ್ಕ ಏನು, ಲಕ್ಷಣವಾಗವ್ನೆ. ಯಾವೂರೋನು ಇವ್ನು?"

ಪೈಪೋಟಿಯಲ್ಲಿ ಕೆಲವೊಮ್ಮೆ ಯಾರೂ ಪೂರ್ತಿ ಗೆಲ್ಲದೆ ಅಲ್ಲೊಂದು ಚೂರು, ಇಲ್ಲೊಂದು ಚೂರು ಸೇರಿ ಕಾಣುವುದುಂಟು. ಅಣ್ಣ ಒಪ್ಪಿದ್ದು ಭೂಮಿಯ ಮೇಲೆ ಹುಟ್ಟೇ ಇಲ್ಲದ ಅಳಿಯನನ್ನು! "ಅಂಗಾದ್ರೆ ಇವ್ನು ಸಿಕ್ಕಲ್ವಾ?" ಎಂದು ಅವನ ಮುಖ ಸಪ್ಪಗಾಯಿತು.

ಕೊನೆಗೆ ಚಂದನ ಬಂದು ಕೂತಳು. ನಾನು ಗಡಿಯಾರ ಹಿಡಿದು ನಿಂತೆ.

"ಯಾರು ಕಾಣ್ತಾರೆ?"

"ಒಬ್ರೇ ಅತ್ತೆ."

"ಈಗ?"

"ಈಗ್ಲೂ ಅವ್ರೇ."

ಇದು ಸಾಧ್ಯವೇ ಇಲ್ಲ! ಬಗ್ಗಿ ನೋಡಿದರೆ ಮಹಾರಾಯ್ತಿ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದಾಳೆ. "ಎರಡೂ ಕಣ್ಣು ಬಿಡಬೇಕು ಅಂತ ಎಷ್ಟು ಸಲ ಹೇಳೋದು? ಪ್ರಯೋಗವೆಲ್ಲ ಹಾಳಾಯ್ತು!" ಎಂದು ರೇಗಿದೆ. ಎಜಮಾನರು ಮುಸಿಮುಸಿ ನಕ್ಕರು. ಯಾಕೆಂದು ನನಗೆ ಹೊಳೆಯಲಿಲ್ಲ.

ಆಗಲೇ ಗೇಟು ಸದ್ದಾಯಿತು. ಹೊಳೆನರಸೀಪುರದ ಹುಡುಗನ ತಂದೆ ತಾಯಿ! ನೆಂಟರ ಗೃಹಪ್ರವೇಶಕ್ಕೆಂದು ಹಾಸನಕ್ಕೆ ಬಂದವರು ಹಾಗೇ ನಮ್ಮನ್ನೂ ನೋಡಿಕೊಂಡು ಹೋಗೋಣವೆಂದು ಬಂದಿದ್ದರು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆ ತಾಯಿ ಡಬ್ಬಕ್ಕೆ ಕಣ್ಣಿಟ್ಟಾಗಿತ್ತು.

"ಅಯ್ ಶಿವನೇ, ನಮ್ಮುಡ್ಗ!" ಎಂದು ಅವರ ಮುಖವರಳಿತು. ಮರುಗಳಿಗೆಯಲ್ಲೇ, "ಅಯ್ಯೋ, ಇದ್ಯಾರು? ನಮ್ಮುಡ್ಗನ್ನ ನುಂಗಾಕ್ಬುಟ್ಟ!" ಎಂದು ಚೀರಿದರು.

ನಾನು ಪಾಠ ಶುರು ಮಾಡಿದೆ. ಮಿದುಳು, ಪೈಪೋಟಿ, ಅರಕಲಗೂಡು, ಎಲ್ಲವನ್ನೂ ವಿವರಿಸಿದೆ. ಅರಕಲಗೂಡನ್ನು ವಿವರಿಸಬಾರದಿತ್ತು.

ಹುಡುಗನ ತಂದೆ ನೀರಿನ ಲೋಟ ಕೆಳಗಿಟ್ಟರು. "ನಮ್ಮ ಮಗನ್ನ ಇನ್ನೊಬ್ನ ಜತೆ ಡಬ್ಬದೊಳಗೆ ಕೂಡಾಕಿ ಪರೀಕ್ಷೆ ಮಾಡ್ತಾ ಇದ್ದೀರಾ? ನಡಿಯೇ, ಓಗಾನ."

ಅಣ್ಣ ನನ್ನತ್ತ ನೋಡಿದ ನೋಟದಲ್ಲಿ ಯಾವ ಪೈಪೋಟಿಯೂ ಇರಲಿಲ್ಲ. ಎರಡೂ ಕಣ್ಣಲ್ಲಿ ಒಂದೇ ಭಾವ!

ಅವರು ಗೇಟು ದಾಟುವಷ್ಟರಲ್ಲಿ ಚಂದನ ಬರಿಗಾಲಲ್ಲೇ ಓಡಿದಳು. ನಾನೂ ಹಿಂದೆಯೇ ಓಡಿದೆ. ಅವಳ ಕಣ್ಣಲ್ಲಿ ನೀರು.

"ಅಮ್ಮಾ, ಅವ್ರಿಬ್ರನ್ನ ನೋಡಿದ್ದು ಇವ್ರೆಲ್ಲ. ನಾನು ಬಲಗಣ್ಣು ಮುಚ್ಕೊಂಡೇ ನೋಡ್ದೆ."

ಆ ತಾಯಿ ತಿರುಗಿ ನನ್ನನ್ನು ಕೇಳಿದರು: "ಬಲಗಣ್ಣಿನ್ ಕಡೆ ಯಾರಿದ್ರು?"

"ಅರಕಲಗೂಡಿನವ್ರು" ಎಂದೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ.

ಆಕೆ ಒಂದು ಗಳಿಗೆ ಲೆಕ್ಕ ಹಾಕಿದರು. ಆಮೇಲೆ ಚಂದನಳ ಕೆನ್ನೆ ಒರೆಸಿ, "ಬಾ ಮಗಾ, ಕಾಫಿ ಕುಡಿಯಾನ" ಎಂದು ನಮ್ಮ ಮನೆಯೊಳಕ್ಕೆ ತಾವೇ ಕರೆದುಕೊಂಡು ಬಂದರು. ಗಂಡನೂ ಗೊಣಗುತ್ತಲೇ ಹಿಂದೆ ಬಂದರು. ಅವಳೂ ಅವರ ಮಗನೂ ಆಗಲೇ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರೆಂದು ತಿಳಿದದ್ದು ಕಾಫಿ ಕುಡಿಯುವಾಗ. ಗೊತ್ತಿಲ್ಲದಿದ್ದದ್ದು ನನಗೂ ಅಣ್ಣನಿಗೂ ಮಾತ್ರ!

ಎಲ್ಲ ಸುಸೂತ್ರವಾದ ಮೇಲೆ ಒಂದು ಕಷ್ಟದ ಕೆಲಸ ಉಳಿಯಿತು. ಅರಕಲಗೂಡಿನವರಿಗೆ ಇಲ್ಲ ಅನ್ನಬೇಕು. "ಡಬ್ಬ ಮಾಡ್ದೋರೇ ಫೋನೂ ಮಾಡ್ಲಿ" ಎಂದು ಎಜಮಾನರು ತೀರ್ಪು ಕೊಟ್ಟರು. ಮನಸ್ಸು ನೋಯದಂತೆ ಹೇಳಲು ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡು ಫೋನ್ ಮಾಡಿದೆ. ಹುಡುಗನ ತಂದೆ ನನ್ನನ್ನು ಬಾಯಿ ತೆರೆಯಲೂ ಬಿಡಲಿಲ್ಲ.

"ಅಯ್ಯೋ ಟೀಚ್ರೇ, ನಾವೇ ಫೋನ್ ಮಾಡ್ಬೇಕಿತ್ತು, ಮರ್ತೇ ಬುಟ್ವು. ಬೇಜಾರ್ ಮಾಡ್ಕೋಬ್ಯಾಡಿ. ನಮ್ಮುಡ್ಗಂಗೆ ಚನ್ನರಾಯಪಟ್ಟಣದಲ್ಲಿ ಓದ್ ತಿಂಗ್ಳೇ ಸಂಬಂಧ ಗೊತ್ತಾಗೋಯ್ತು."

"ಸಂತೋಷ ಸಾ" ಎಂದು ಫೋನಿಟ್ಟೆ.

ಇಡೀ ಭಾನುವಾರ ನಾನು ಪೈಪೋಟಿಗೆ ಇಳಿಸಿದ್ದ ಇಬ್ಬರಲ್ಲಿ ಒಬ್ಬ ಕಣದಲ್ಲೇ ಇರಲಿಲ್ಲ. ಇನ್ನೊಬ್ಬ ಆಗಲೇ ಗೆದ್ದಿದ್ದ!